ಅಂಟಣ್ಣನ ಬೆಂಕಿ ನಿಯಮ

ಕೊಯ್ಲಿನ ಕೊನೆಯ ವಾರ. ಬಿಸಿಲೇರುವ ಮುಂಚೆ ಒಂದಿಷ್ಟು ಮೂಟೆ ಇಳಿಸಿಬಿಡೋಣ ಎಂದು ರೈತ ಸಂಘದ ಗೋದಾಮಿಗೆ ಬಂದಿದ್ದವರೇ ಈಗ ಮೂಟೆ ಬಿಟ್ಟು ಪೆಟ್ಟಿಗೆಗೆ ಹೆಗಲು ಕೊಟ್ಟಿದ್ದರು. ಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತ್ತು.

"ಎಡಕ್ಕೆ ತಿರುಗಿಸ್ರೋ."

"ಯಾರ ಎಡಕ್ಕೆ? ನಿಂದೋ ನಂದೋ?"

"ಸತ್ತವನ ಎಡಕ್ಕೆ ಕಣೋ!"

ಯಾರೋ ನಕ್ಕರು. ನಕ್ಕವರು ಕೆಳಗೆ ನಿಂತಿದ್ದ ಮಗಳನ್ನು ಕಂಡು ಬಾಯಿ ಮುಚ್ಚಿಕೊಂಡರು.

"ಮಾವ, ಮನೇಲೇ ಇಡೋಣ ಅಂದಿದ್ನಲ್ಲ," ಎಂದಳು ಮಗಳು. ಅವಳು ಸಾವಿನ ದಾಖಲೆ ಬರೆಸಲು ಕಚೇರಿಗೆ ಹೋಗಿ ಬರುವಷ್ಟರಲ್ಲಿ ಇವರು ಅಪ್ಪನನ್ನು ಮನೆಯಿಂದ ಎತ್ತಿ, ಅಂಗಳ ದಾಟಿಸಿ, ಇಲ್ಲಿಗೆ ತಂದುಬಿಟ್ಟಿದ್ದರು.

ಮಾವ, ಅವಳ ತಾಯಿಯ ಅಣ್ಣ, ಕುತ್ತಿಗೆಯ ಬೆವರು ಒರೆಸಿಕೊಂಡ. "ನಿಮ್ಮದು ರೈಲು ಡಬ್ಬಿಯಂಥ ಮನೆ. ಒಂದು ಕೋಣೆ ದಾಟಿದ್ರೆ ಇನ್ನೊಂದು ಕೋಣೆ. ಬಂದವರು ಸತ್ತವನ ಮುಖ ನೋಡ್ಬೇಕಾ, ಮುಂದೆ ನಿಂತವನ ಬೆನ್ನು ನೋಡ್ಬೇಕಾ? ಇಷ್ಟು ದೊಡ್ಡ ಸಭಾಂಗಣ ಇದೆ ಮೇಲೆ. ನಿಮ್ಮಪ್ಪ ಇದ್ದದ್ದಕ್ಕೆ ತಾನೆ ಅದು ಆಗಿದ್ದು?"

ಅದಕ್ಕೇ ಬೇಡ ಅಂತಿರೋದು ಎಂಬ ಮಾತು ಅವಳ ನಾಲಿಗೆಯವರೆಗೆ ಬಂದು ನಿಂತಿತು.

ಕಟ್ಟಡ ಸರಳವಾದದ್ದೇ. ಕೆಳಗೆ ದಪ್ಪ ಗೋಡೆಯ ಗೋದಾಮು, ಮೇಲೆ ತಗಡಿನ ಸೂರಿನ ಸಭಾಂಗಣ. ಎರಡಕ್ಕೂ ನಡುವೆ, ಈ ಗೋಡೆಯಿಂದ ಆ ಗೋಡೆಗೆ, ಮರದ ತೊಲೆಗಳು. ಇಡೀ ಮರದ ತೊಲೆಗಳಲ್ಲ; ಹಲಗೆಯ ಮೇಲೆ ಹಲಗೆ ಇಟ್ಟು ಅಂಟಿಸಿದವು. ಒಂದೂ ಮೊಳೆಯಿಲ್ಲ, ನಡುವೆ ಒಂದೂ ಕಂಬವಿಲ್ಲ. ಕಂಬವಿಲ್ಲದ್ದರಿಂದಲೇ ಗೋದಾಮಿನೊಳಗೆ ಗಾಡಿ ತಿರುಗಿಸಬಹುದು ಎಂದು ಊರಿಗೆ ಹೆಮ್ಮೆ. ಮೆಟ್ಟಿಲ ಬುಡದ ಗೋಡೆಗೆ ಒಂದು ಫಲಕ ತೂಗುಹಾಕಿತ್ತು. ಅವಳ ಅಪ್ಪ ಅಂಟಣ್ಣನೇ ಬಣ್ಣದಲ್ಲಿ ಬರೆದದ್ದು: ಬೆಂಕಿ ನಿಯಮ. ನಲವತ್ತಕ್ಕಿಂತ ಹೆಚ್ಚು ಜನ ಮೇಲೆ ಸೇರಕೂಡದು.

ಸಂಘದ ಅಧ್ಯಕ್ಷರು ಮಗಳು ಫಲಕದ ಕಡೆ ನೋಡುತ್ತಿರುವುದನ್ನು ಗಮನಿಸಿ ಹತ್ತಿರ ಬಂದರು. ಹೊಲದಿಂದ ನೇರ ಬಂದವರು, ಶುಭ್ರ ಅಂಗಿ ಹಾಕಿಕೊಂಡಿದ್ದರೂ ಕಿವಿಯ ಹಿಂದೆ ಹೊಟ್ಟಿನ ಪುಡಿ ಹಾಗೇ ಇತ್ತು. "ಇವತ್ತೊಂದು ದಿನ ಆ ನಿಯಮಕ್ಕೆ ರಜಾ ಕೊಡಮ್ಮ," ಎಂದರು, ಮೃದುವಾಗಿಯೇ. "ಸುತ್ತಲ ಊರಿನವರೆಲ್ಲ ಬರ್ತಿದ್ದಾರೆ. ನಿಮ್ಮಪ್ಪನ್ನ ನೋಡೋಕೆ ಬಂದವರನ್ನ ಮೆಟ್ಟಿಲ ಹತ್ರ ತಡೆಯೋದು ಚೆನ್ನಾಗಿರುತ್ತಾ?"

ಅಂಥದೊಂದು ಬೆಂಕಿ ನಿಯಮವನ್ನು ಯಾವ ಸರ್ಕಾರವೂ ಮಾಡಿರಲಿಲ್ಲ. ಅದು ಗೊತ್ತಿದ್ದವರು ಇಬ್ಬರೇ. ಒಬ್ಬ ಪೆಟ್ಟಿಗೆಯೊಳಗಿದ್ದ. ಇನ್ನೊಬ್ಬಳು "ಸರಿ" ಎಂದು ತಲೆಯಾಡಿಸಿದಳು.

*

ಅವನಿಗೆ ಅಂಟಣ್ಣ ಎಂಬ ಹೆಸರು ಬಂದದ್ದು ಕೆಲಸದಿಂದ. ಊರಾಚೆ, ಹೊಲಗಳ ನಡುವೆ, ಹಲಗೆ ಅಂಟಿಸಿ ತೊಲೆ ಮಾಡುವ ಕಾರ್ಖಾನೆಯಿತ್ತು. ಅದರ ಪರೀಕ್ಷಾ ಕೋಣೆ ಅವನದು. ಮಗಳು ಚಿಕ್ಕವಳಿದ್ದಾಗ ಬುತ್ತಿ ಕೊಡಲು ಹೋದರೆ ಅವನು ಒಳಗೆ ಕರೆದು ತೋರಿಸುತ್ತಿದ್ದ. ಸಾಲಾಗಿ ಕಬ್ಬಿಣದ ಚೌಕಟ್ಟುಗಳು. ಒಂದೊಂದರಲ್ಲೂ ಅಂಗೈಯಗಲದ ಎರಡು ಮರದ ತುಂಡು, ನಡುವೆ ಅಂಟಿನ ತೆಳು ಪದರ, ಕೆಳಗೆ ತೂಗುಬಿಟ್ಟ ಭಾರ. ಕೆಲವು ತಂಪು ಕಪಾಟಿನಲ್ಲಿ, ಕೆಲವು ಬಿಸಿ ಕಪಾಟಿನಲ್ಲಿ. ಪ್ರತಿಯೊಂದಕ್ಕೂ ಗಡಿಯಾರದ ಮುಖದಂಥ ಒಂದು ಮಾಪಕ. ಮುಳ್ಳು ಅಲುಗುತ್ತಿರಲಿಲ್ಲ.

"ಇಲ್ಲಿ ಏನೂ ಆಗ್ತಿಲ್ಲವಲ್ಲಪ್ಪ."

"ಆಗ್ತಿದೆ. ನೀನು ಅವಸರದಲ್ಲಿದ್ದೀಯ ಅಷ್ಟೆ."

ಅಂಟು ಕಲ್ಲೂ ಅಲ್ಲ, ನೀರೂ ಅಲ್ಲ ಎಂದು ಅವನು ಹೇಳುತ್ತಿದ್ದ. ಭಾರ ಹೊರಿಸಿದರೆ ರಬ್ಬರಿನಂತೆ ಒಂದಿಷ್ಟು ಜಗ್ಗುತ್ತದೆ, ಭಾರ ತೆಗೆದರೆ ನಿಧಾನವಾಗಿ ಹಿಂದಕ್ಕೆ ಬರುತ್ತದೆ. ಆದರೆ ಜೇನಿನಂತೆ ಒಂದಿಷ್ಟು ಹರಿದೂ ಹೋಗಿರುತ್ತದೆ, ಅದು ಹಿಂದಕ್ಕೆ ಬರುವುದಿಲ್ಲ. ಹೀಗಾದ ಕೆಲವು ತಿಂಗಳ ಜಾರಿಕೆಯನ್ನು ಅಳೆದು, ಒಂದು ತಲೆಮಾರಿನ ಜಾರಿಕೆ ಎಷ್ಟಾದೀತು ಎಂದು ಹೇಳುವ ಲೆಕ್ಕ ಕಟ್ಟುವುದು ಅವನ ಉದ್ಯೋಗ. ಅವನ ಮೊದಲ ಲೆಕ್ಕ ಅಚ್ಚುಕಟ್ಟಾಗಿತ್ತು. ಭಾರ ಎರಡರಷ್ಟಾದರೆ ಜಾರಿಕೆಯೂ ಎರಡರಷ್ಟು, ಮೂರರಷ್ಟಾದರೆ ಮೂರರಷ್ಟು. ಕಾಗದದ ಮೇಲೆ ಗೆರೆ ನೆಟ್ಟಗೆ ಹೋಗುತ್ತಿತ್ತು.

ಸಂಘದವರು ಗೋದಾಮು ಕಟ್ಟಲು ಹೊರಟಾಗ ಅಂಟಿನ ತೊಲೆ ಹಾಕೋಣವೋ ಬೇಡವೋ ಎಂಬ ಚರ್ಚೆಯಾಯಿತು. ಹೊರಗಿನವನ ಮಾತಾದರೆ ನಂಬುತ್ತಿರಲಿಲ್ಲ. "ನಮ್ಮ ಹುಡುಗನೇ ಹೇಳ್ತಿದ್ದಾನಲ್ಲ," ಎಂದರು. ತೊಲೆಗಳಿಗೆ ಯೋಗ್ಯವೆಂದು ಸಹಿ ಹಾಕಿದವನು ಅವನು. ಅವನ್ನು ಎತ್ತಿ ಕೂರಿಸಿ, ಸುಣ್ಣ ಬಳಿದವನು ಊರಿನ ಬಡಗಿ. ಮಹಡಿ ನಿಂತ ದಿನ ಇಬ್ಬರೂ ನೆಲದ ಮೇಲೆ ಹಾರಿ ಹಾರಿ ತೋರಿಸಿದ್ದರು.

ಕೆಲವು ವರ್ಷ ಕಳೆದು ಕಾರ್ಖಾನೆಗೆ ಹೊಸ ಚೌಕಟ್ಟುಗಳು ಬಂದವು. ಮೊದಲ ಬಾರಿಗೆ ಹೆಚ್ಚು ಭಾರವನ್ನೂ ಹೆಚ್ಚು ಶಾಖವನ್ನೂ ಒಟ್ಟಿಗೆ ಕೊಡುವ ಅನುಕೂಲವಾಯಿತು. ಗೆರೆ ನೆಟ್ಟಗೆ ಹೋಗಲಿಲ್ಲ. ಒಂದು ಮಟ್ಟ ದಾಟಿದ ಮೇಲೆ ತಲೆಯೆತ್ತಿಕೊಂಡು ಮೇಲಕ್ಕೆ ಬಾಗಿತು. ಮಾಪಕ ಕೆಟ್ಟಿರಬೇಕೆಂದು ಮಾಪಕ ಬದಲಾಯಿಸಿದ. ತುಂಡು ಕೆಟ್ಟಿರಬೇಕೆಂದು ತುಂಡು ಬದಲಾಯಿಸಿದ. ಕೆಟ್ಟಿದ್ದು ತನ್ನ ಲೆಕ್ಕವೇ ಎಂದು ಒಪ್ಪಿಕೊಳ್ಳಲು ಒಂದು ಚಳಿಗಾಲ ಹಿಡಿಯಿತು. ಭಾರವೂ ಬಿಸಿಯೂ ಕೂಡಿದರೆ ಅಂಟಿನೊಳಗಿನ ಗಡಿಯಾರವೇ ಜೋರಾಗಿ ಓಡುತ್ತದೆ. ನಮಗೆ ಒಂದು ಬೇಸಿಗೆ ಕಳೆದರೆ ಅದಕ್ಕೆ ಎಷ್ಟೋ ವರ್ಷ ಕಳೆದಿರುತ್ತದೆ. ಹೊಸ ಲೆಕ್ಕದೊಳಗೆ ಅವನು ಮೊದಲು ಹಾಕಿ ನೋಡಿದ್ದು ತನ್ನ ಊರಿನ ಮಹಡಿಯನ್ನು.

ವಿಷಯ ತಿಳಿಸಿದಾಗ ಮೇಲಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ. "ಹಳೇ ಕಾಗದಕ್ಕೆ ಸಹಿ ಯಾರದ್ದು?"

"ನನ್ನದೇ ಸಾರ್."

"ಹಾಗಿದ್ರೆ ನೀವೇ ಯೋಚನೆ ಮಾಡಿ."

ಅವನು ಯೋಚನೆ ಮಾಡಿದ. ರಜೆಯ ದಿನ ಒಂದು ಹಲಗೆಗೆ ಬಿಳಿ ಬಣ್ಣ ಬಳಿದು, ಒಣಗಿದ ಮೇಲೆ ಕೆಂಪಿನಲ್ಲಿ ಬೆಂಕಿ ನಿಯಮ ಎಂದು ಬರೆದ. ಬೆಂಕಿ ಎಂದರೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲ.

*

ಮಹಡಿಯ ಮೇಲೆ ಗಾಳಿಯಿರಲಿಲ್ಲ. ತಗಡು ಕಾದು ಟಪ್ ಟಪ್ ಎನ್ನುತ್ತಿತ್ತು. ಈ ಸಲ ಬೆಳೆ ಕೈತುಂಬ ಬಂದು, ಕೆಳಗಿನ ಗೋದಾಮು ತುಂಬಿ, ಉಳಿದ ಮೂಟೆಗಳನ್ನು ರಾಟೆಯಲ್ಲಿ ಎಳೆದು ಸಭಾಂಗಣದ ಎರಡೂ ಗೋಡೆಗೆ ಆಳೆತ್ತರ ಪೇರಿಸಿದ್ದರು. ನಡುವಿನ ಓಣಿಯಲ್ಲಿ ಎರಡು ಬೆಂಚು, ಬೆಂಚಿನ ಮೇಲೆ ಪೆಟ್ಟಿಗೆ. ಬೆಂಚು ಒಂದು ಕಡೆ ಅಲುಗುತ್ತಿದೆಯೆಂದು ಬಡಗಿ ಮಂಡಿಯೂರಿ ಕಾಲಿನಡಿ ಒಂದು ಬೆಣೆ ಸಿಕ್ಕಿಸಿ, ಅಂಗೈಯಿಂದ ತಟ್ಟಿ, "ಈಗ ಆರಾಮಾಗಿ ಮಲಕ್ಕೋ," ಎಂದು ಪೆಟ್ಟಿಗೆಗೆ ಹೇಳಿದ.

ಜನ ಬರುತ್ತಲೇ ಇದ್ದರು. ಕಾರ್ಖಾನೆಯ ಕೆಲಸ ಮುಗಿದ ಮೇಲೂ ಅಂಟಣ್ಣ ಸುಮ್ಮನೆ ಕೂತವನಲ್ಲ. ಯಾರ ಮನೆಯಲ್ಲಿ ಏನು ಮುರಿದರೂ ಅವನ ಬಾಗಿಲಿಗೆ ಬರುತ್ತಿತ್ತು.

"ನನ್ನ ಹಲ್ಲಿನ ಸೆಟ್ಟು ಅಂಟಿಸಿಕೊಟ್ಟಿದ್ದ," ಎಂದರು ಒಬ್ಬ ಮುದುಕರು. "ಡಾಕ್ಟರು ಹೊಸದು ಮಾಡಿಸ್ಬೇಕು ಅಂದಿದ್ರು. ಇವನು ಒಂದು ರಾತ್ರಿ ಇಟ್ಟುಕೊಂಡು ಕೊಟ್ಟ. ಇವತ್ತಿಗೂ ಅದರಲ್ಲೇ ಅಗೀತಿದ್ದೀನಿ."

"ಅದಕ್ಕೇ ನಿಮ್ಮ ಬಾಯಿ ಬಿಡಿಸೋಕೆ ಆಗಲ್ಲ ಅಂತ ನಿಮ್ಮನೆಯವರು ಹೇಳೋದು," ಎಂದಳು ಹಾಲಿನಕ್ಕ. ಎದುರು ಮನೆಯವಳು, ಊರಿಗೆಲ್ಲ ಹಾಲು ಹಾಕುವವಳು. ಕಣ್ಣು ಒರೆಸಿಕೊಳ್ಳುತ್ತಲೇ ನಗಿಸುವುದು ಅವಳಿಗೆ ಗೊತ್ತಿತ್ತು.

"ನಮ್ಮ ಕುಂಟು ಕುರಿಗೆ ಗೊರಸು ಅಂಟಿಸಿದ್ದ!"

"ಕುರಿ ಬಿಡಿ," ಎಂದ ಮಾವ. "ನನ್ನ ಮಗಳ ಮದುವೇಲಿ ನನ್ನನ್ನೇ ಮೆಟ್ಟಿಲ ಹತ್ರ ನಿಲ್ಲಿಸಿದ್ದ ಕಣ್ರೀ. ಹುಡುಗಿ ತಂದೆ ನಾನು! ಭಾವ, ಮೇಲಿಂದ ಒಬ್ಬ ಇಳೀಲಿ, ಆಮೇಲೆ ನೀನು ಹತ್ತು ಅಂದ. ಗಂಡಿನ ಕಡೆಯವರು ನೋಡ್ತಿದ್ದಾರೆ. ನಾನು ಬುಟ್ಟಿ ಹಿಡ್ಕೊಂಡು ಕೆಳಗೆ ನಿಂತಿದ್ದೀನಿ, ಬಾಡಿಗೆ ಅಡುಗೆಯವನ ಥರ."

ಎಲ್ಲರೂ ನಕ್ಕರು. ನಗು ಮೂಟೆಗಳ ನಡುವೆ ಮೆತ್ತಗಾಯಿತು. ಮಗಳು ಮೆಟ್ಟಿಲ ಬಾಗಿಲಲ್ಲಿ ನಿಂತಿದ್ದಳು. "ನೋಡಿದವರು ಸ್ವಲ್ಪ ಕೆಳಗೆ ಹೋದ್ರೆ," ಎಂದಳು. "ತುಂಬ ಸೆಖೆ. ಕೆಳಗೆ ಮರದ ನೆರಳಿದೆ, ಚಹಾ ಇಟ್ಟಿದ್ದಾರೆ."

"ಥೇಟ್ ಅಪ್ಪನೇ," ಎಂದಳು ಹಾಲಿನಕ್ಕ ಪ್ರೀತಿಯಿಂದ. "ಬಾ ಇಲ್ಲಿ, ಕೂತ್ಕೋ. ನೀನು ಇವತ್ತು ನಿಲ್ಲಬಾರದು."

ಯಾರೂ ಇಳಿಯಲಿಲ್ಲ. ಪಕ್ಕದೂರಿನ ಒಂದು ಗುಂಪು ಹತ್ತಿ ಬಂತು, ಅವರ ಹಿಂದೆ ಕಾರ್ಖಾನೆಯ ಹಳಬರು. ಅವಳು ದಾರಿ ಬಿಟ್ಟಳು. ಬಂದವರೆಲ್ಲ ಅಪ್ಪನನ್ನು ಹೊಗಳುತ್ತಿದ್ದರು. ಒಂದೊಂದು ಹೊಗಳಿಕೆಗೂ ಅವಳ ತಲೆ ಇನ್ನಷ್ಟು ಕೆಳಗಾಗುತ್ತಿತ್ತು. ಅಳುತ್ತಿದ್ದಾಳೆಂದು ಜನ ಭುಜ ತಟ್ಟಿ ಹೋದರು.

*

ಅಪ್ಪ ಹಾಸಿಗೆ ಹಿಡಿದ ಹೊಸತರಲ್ಲಿ, ಒಂದು ಮಧ್ಯಾಹ್ನ, ಅವಳು ಹೊಲಿಗೆ ಮಿಷನ್ ತುಳಿಯುತ್ತಿದ್ದಾಗ ಅವನು ಎಲ್ಲ ಹೇಳಿದ್ದ. ಗೆರೆ ಬಾಗಿದ್ದು, ಫಲಕ ಬರೆದದ್ದು.

"ಒಂದು ಸಂಜೆ ಜನ ಸೇರಿ ಊಟ ಮಾಡಿ ಹೋದ್ರೆ ಅಂಟು ಸುಧಾರಿಸಿಕೊಳ್ಳುತ್ತೆ," ಎಂದ. "ಬೆಳಿಗ್ಗೆ ಹೊತ್ತಿಗೆ ಬಹುಪಾಲು ಹಿಂದಕ್ಕೆ ಬಂದಿರುತ್ತೆ. ಅಷ್ಟಕ್ಕೆ ನನ್ನ ಫಲಕ ಸಾಕು. ಮೇಲೆ ಬಂದ ಭಾರ ಇಳಿಯದೆ ಕೂತುಬಿಟ್ರೆ ಮಾತ್ರ ಕಷ್ಟ."

"ಇಷ್ಟು ವರ್ಷ ಯಾಕಪ್ಪ ಹೇಳಲಿಲ್ಲ?"

ಅವನು ಕಿಟಕಿಯ ಕಡೆ ತಿರುಗಿದ. "ಹೇಳಬೇಕು ಅಂತ ಸಂಘದ ಸಭೆಗೆ ಹೋಗ್ತಿದ್ದೆ. ಹೋದ ಕೂಡಲೇ, ಬಾರಪ್ಪ, ನೀನು ಇಲ್ಲದಿದ್ರೆ ಈ ಕಟ್ಟಡ ಎಲ್ಲಿತ್ತು ಅಂತ ಕುರ್ಚಿ ಕೊಡೋರು. ಕೂತುಬಿಡ್ತಿದ್ದೆ."

"ಈಗ ಯಾಕೆ ಬಿಡು. ವಾಸಿಯಾದ ಮೇಲೆ ನೀನೇ ಹೇಳುವೆಯಂತೆ." ವಾಸಿಯಾಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವಳು ಮಿಷನ್ ಮತ್ತೆ ತುಳಿದಳು.

ಕೊಯ್ಲು ಬಂತು. ಒಂದು ಬೆಳಿಗ್ಗೆ ರಾಟೆಯ ಸದ್ದು ಕೇಳಿ ಅವಳು ಹೊರಗೆ ಬಂದು ನೋಡಿದರೆ ಮೂಟೆಗಳು ಒಂದೊಂದಾಗಿ ಮಹಡಿಯ ಕಿಟಕಿಯೊಳಗೆ ಹೋಗುತ್ತಿದ್ದವು. ಅಧ್ಯಕ್ಷರ ಬಳಿ ಓಡಿದಳು. "ಮೇಲೆ ಇಡಬಹುದಾ ಇದನ್ನೆಲ್ಲ? ಅಪ್ಪನ ನಿಯಮ..."

"ಬೆಂಕಿ ನಿಯಮ ಜನಕ್ಕಲ್ವೇನಮ್ಮ?" ಎಂದರು ಅವರು. "ಬೆಂಕಿ ಬಿದ್ರೆ ಮೂಟೆಗೆ ಓಡಿಹೋಗೋಕೆ ಬಾಗಿಲು ಬೇಕಾ?"

ಹಗ್ಗ ಎಳೆಯುತ್ತಿದ್ದವರು ನಕ್ಕರು. ಅವಳೂ ನಕ್ಕಳು. ನಕ್ಕು ಮನೆಗೆ ಬಂದಳು.

"ಆಗಿಂದ ರಾಟೆ ಕಿರುಗುಡ್ತಿದೆಯಲ್ಲ," ಎಂದ ಅಪ್ಪ ಹಾಸಿಗೆಯಿಂದ. ಎದ್ದು ಕಿಟಕಿಯವರೆಗೆ ಹೋಗುವ ಶಕ್ತಿ ಅಷ್ಟು ಹೊತ್ತಿಗೆ ಅವನಲ್ಲಿ ಉಳಿದಿರಲಿಲ್ಲ. "ಎಲ್ಲಿಗೆ ಎತ್ತುತ್ತಿದ್ದಾರೆ?"

"ಲಾರಿಗೆ ಅಪ್ಪ."

ಅವನು ಅವಳ ಮುಖವನ್ನೇ ನೋಡಿದ. ಲಾರಿಗೆ ರಾಟೆ ಯಾಕೆ ಎಂದು ಕೇಳಲಿಲ್ಲ. ಕಣ್ಣು ಮುಚ್ಚಿಕೊಂಡ.

ಆಮೇಲೆ ದಿನಾ ರಾಟೆ ಕೂಗಿತು. ದಿನಾ ಅವಳು ಆ ಸದ್ದು ಮುಳುಗುವಷ್ಟು ಜೋರಾಗಿ ಮಿಷನ್ ತುಳಿದಳು.

*

ಬಿಸಿಲು ನೆತ್ತಿಗೆ ಬಂದಿತ್ತು. ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಧ್ಯಕ್ಷರು ಪೆಟ್ಟಿಗೆಯ ತಲೆಯ ಕಡೆ ನಿಂತು ನಾಲ್ಕು ಮಾತಾಡಲು ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

"ಒಂದು ನಿಮಿಷ," ಎಂದ ಬಡಗಿ. ಮತ್ತೆ ಮಂಡಿಯೂರಿದ. "ಬೆಂಚು ಮತ್ತೆ ಅಲುಗ್ತಿದೆ. ಆಗ ತಾನೇ ಬೆಣೆ ಬಿಗಿ ಮಾಡಿದ್ನಲ್ಲ."

"ನಿನಗೂ ವಯಸ್ಸಾಯ್ತು, ನಿನ್ನ ಬೆಣೆಗೂ ವಯಸ್ಸಾಯ್ತು," ಎಂದ ಮಾವ.

"ಬೆಣೆ ಸಡಿಲ ಆಗಿದೆ ಮಾರಾಯ. ನೆಲ ಕೆಳಗೆ ಹೋದ ಹಾಗೆ." ಬಡಗಿ ತನ್ನ ಮಾತಿಗೆ ತಾನೇ ನಕ್ಕು, ಜೇಬಿನಿಂದ ಇನ್ನೊಂದು ಚೂರು ಮರ ತೆಗೆದ.

ಮಗಳು ಆ ಬೆಣೆಯನ್ನು ನೋಡಿದಳು. ಅದು ಬೆಳಿಗ್ಗೆ ಬಿಗಿಯಾಗಿ ಕೂತದ್ದನ್ನು ಅವಳೇ ಕಂಡಿದ್ದಳು. ಈಗ ಅದರ ಮೇಲೆ ಬೆರಳು ತೂರುವಷ್ಟು ಸಂದು. ಅಧ್ಯಕ್ಷರು "ನಮ್ಮ ಊರಿಗೆ ಕಳಶವಿಟ್ಟಂತೆ ಬಾಳಿದ..." ಎಂದು ಶುರುಮಾಡಿದ್ದರು.

"ನಿಲ್ಲಿಸಿ," ಎಂದಳು.

ದನಿ ಸಣ್ಣದಾಗಿತ್ತು. ಮೊದಲ ಸಾಲಿನವರಿಗಷ್ಟೇ ಕೇಳಿತು. ಅವಳು ಪೆಟ್ಟಿಗೆಯ ಅಂಚು ಹಿಡಿದುಕೊಂಡು ಮತ್ತೊಮ್ಮೆ ಹೇಳಿದಳು. "ಎಲ್ಲರೂ ಕೆಳಗಿಳೀರಿ. ಬೆಂಕಿ ನಿಯಮ ಅನ್ನೋದು ಇಲ್ಲ. ಯಾವತ್ತೂ ಇರಲಿಲ್ಲ. ಅದು ಅಪ್ಪ ಹೇಳಿದ ಸುಳ್ಳು."

"ಏನೇ ಇದು, ಹೆಣದ ಮುಂದೆ!" ಎಂದ ಮಾವ.

"ಅಪ್ಪ ಹಾಕಿದ ಲೆಕ್ಕ ತಪ್ಪಾಗಿತ್ತು ಮಾವ. ಈ ತೊಲೆಗಳ ಅಂಟು ಇಷ್ಟು ಭಾರ, ಇಷ್ಟು ಸೆಖೆ ತಡೆಯಲ್ಲ. ಅವನಿಗೆ ಗೊತ್ತಾಗಿತ್ತು. ಹೇಳೋಕೆ ನಾಚಿಕೆಯಾಗಿ ಫಲಕ ಹಾಕಿದ. ಹೆಚ್ಚು ಜನ ಹತ್ತದ ಹಾಗೆ ನೋಡಿಕೊಂಡ. ಮೂಟೆ ಹತ್ತುತ್ತೆ ಅಂತ ಅವನಿಗೆ ಹೊಳೆಯಲಿಲ್ಲ." ಅವಳು ಉಸಿರೆಳೆದುಕೊಂಡಳು. ಇನ್ನೂ ಒಂದು ಮಾತು ಬಾಕಿಯಿತ್ತು. "ಮೂಟೆ ಹತ್ತಿದ್ದನ್ನ ನಾನು ನೋಡ್ದೆ. ನನಗೆ ಎಲ್ಲ ಗೊತ್ತಿತ್ತು. ನಾನೂ ಹೇಳಲಿಲ್ಲ. ದಮ್ಮಯ್ಯ, ಒಬ್ಬೊಬ್ಬರಾಗಿ ಇಳೀರಿ. ಯಾರೂ ಓಡಬೇಡಿ."

ಯಾರೂ ಕದಲಲಿಲ್ಲ. ದುಃಖದಲ್ಲಿ ತಲೆ ಕೆಟ್ಟಿದೆಯೆಂದು ಕೆಲವರು ಮುಖ ಮುಖ ನೋಡಿಕೊಂಡರು. ಆಗ ಬಡಗಿ ನೆಲದಿಂದ ಎದ್ದ. ಎದ್ದು ಒಂದು ಹೆಜ್ಜೆ ಇಟ್ಟ. ಹೊಳೆ ದಾಟುವವನು ನೀರೊಳಗಿನ ಕಲ್ಲನ್ನು ಕಾಲಿನಿಂದ ಹುಡುಕುವಂತೆ, ಮೊದಲು ಬೆರಳು, ಆಮೇಲೆ ಪಾದ. ಹೇಳಬೇಕಾದದ್ದನ್ನು ಆ ಹೆಜ್ಜೆ ಹೇಳಿತು. ಬಾಗಿಲ ಹತ್ತಿರದವರು ಇಳಿಯತೊಡಗಿದರು. ಹಲ್ಲಿನ ಸೆಟ್ಟಿನ ಮುದುಕರನ್ನು ಯಾರೋ ತೋಳು ಹಿಡಿದು ಕರೆದೊಯ್ದರು. ಮಾತಿಲ್ಲ, ಅಳುವಿಲ್ಲ, ಮರದ ಮೇಲೆ ಪಾದಗಳ ಸದ್ದು ಮಾತ್ರ. ಅವಳನ್ನು ದಾಟಿ ಹೋಗುವಾಗ ಈಗ ಯಾರೂ ಅವಳ ಭುಜ ಮುಟ್ಟಲಿಲ್ಲ.

ಕೊನೆಗೆ ಪೆಟ್ಟಿಗೆಯೂ ಅವಳೂ ಉಳಿದರು. ನಾಲ್ವರು ತಿರುಗಿ ಬಂದು, ಅವಳ ಕಡೆ ನೋಡದೆ, ಅಪ್ಪನನ್ನು ಎತ್ತಿಕೊಂಡು ಹೋದರು.

ಬಡಗಿ ಟಾರ್ಚ್ ಹಿಡಿದು ಗೋದಾಮಿನೊಳಗೆ ಏಣಿ ಹಾಕಿಕೊಂಡು ತೊಲೆಯವರೆಗೆ ಹತ್ತಿದ. ಅಂಗಳದಲ್ಲಿ ಜನ ಬಾಗಿಲ ಕಡೆ ಮುಖಮಾಡಿ ಕಾದರು. ಅವನು ಹೊರಗೆ ಬಂದು ಏಣಿಯನ್ನು ಗೋಡೆಗೆ ಒರಗಿಸಿದ. ಕೈಯಲ್ಲಿ ಸುಣ್ಣದ ಪುಡಿಯಿತ್ತು.

"ತೊಲೆ ತುದೀಲಿ ಸುಣ್ಣ ಗೆರೆ ಗೆರೆಯಾಗಿ ಬಿರುಕು ಬಿಟ್ಟಿದೆ," ಎಂದ. "ಒಂದು ಹಲಗೆ ಮೇಲೆ ಇನ್ನೊಂದು ಜಾರಿದೆ. ಉಗುರು ಕೂರುವಷ್ಟು. ಒಂದರಲ್ಲಲ್ಲ, ನಡುವಿನ ಮೂರರಲ್ಲೂ." ಕೈಯ ಸುಣ್ಣ ಒರೆಸಿಕೊಂಡು, "ನಾನೇ ಕೂರಿಸಿದ್ದು," ಎಂದು ಸೇರಿಸಿದ. ಅಂಟಣ್ಣ ತನಗೂ ಹೇಳಿರಲಿಲ್ಲವಲ್ಲ ಎಂಬ ಮಾತನ್ನು ಅವನು ಬಾಯಿಬಿಟ್ಟು ಆಡಲಿಲ್ಲ.

ಹಾಲಿನಕ್ಕ ಮಗಳ ಹತ್ತಿರ ಬಂದಳು. "ಹೋದ ವಾರ ಮಕ್ಕಳು ಮೇಲೆ ಹಾಡು ಕಲೀತಿದ್ರು," ಎಂದಳು. ಬೈಯುವ ದನಿಯಲ್ಲ. "ನನ್ನ ಮೊಮ್ಮಕ್ಕಳು ಎರಡೂ ಇದ್ವು. ಆವತ್ತು ನೀನು ಹಾಲಿಗೆ ಬಂದಿದ್ದೆ. ನನ್ನ ಜೊತೆ ನಿಂತು, ಎಷ್ಟು ಚೆನ್ನಾಗಿ ಹಾಡ್ತಾರೆ ಅಂದೆ."

"ಹೌದಕ್ಕ."

"ಅಂದೆ ತಾನೆ?"

"ಅಂದೆ."

ಹಾಲಿನಕ್ಕ ತನ್ನವರ ಬಳಿಗೆ ಹೋದಳು.

*

ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಮೇಲಿನ ಮೂಟೆ ಮೊದಲು ಇಳಿಯಬೇಕು, ಇಬ್ಬಿಬ್ಬರೇ ಹೋಗಬೇಕು, ಗೋಡೆಗೆ ಅಂಟಿಕೊಂಡೇ ನಡೆಯಬೇಕು ಎಂದ ಬಡಗಿ. ಕೆಳಗಿನದನ್ನೂ ಖಾಲಿ ಮಾಡಬೇಕು, ಕುಸಿದರೆ ಎಲ್ಲ ಹೋಗುತ್ತದೆ. ಇಳಿಸಿ ಇಡುವುದೆಲ್ಲಿ? ಇದ್ದ ಟಾರ್ಪಾಲು ಅರ್ಧಕ್ಕೂ ಸಾಲದು. ಮಳೆಯೊಂದು ಬಿದ್ದರೆ ವರ್ಷದ ದುಡಿಮೆ ಮೊಳಕೆಯೊಡೆಯುತ್ತದೆ.

"ನಮ್ಮನೇಲಿ ಇಡಿ," ಎಂದಳು ಮಗಳು.

ಅಧ್ಯಕ್ಷರು ಅವಳ ಮುಖ ನೋಡಿದರು. ಅಮ್ಮ ಎನ್ನಲಿಲ್ಲ, ಮಗಳೇ ಎನ್ನಲಿಲ್ಲ. "ಕಲ್ಲು ನೆಲವಾ?"

"ಕಲ್ಲು ನೆಲ. ಕೆಳಗೆ ಬರೀ ಮಣ್ಣು. ಸೂರು ಸೋರಲ್ಲ."

"ಮತ್ತೆ ಮಣ್ಣು ಮಾಡೋದು?" ಎಂದ ಮಾವ, ಯಾರನ್ನೂ ನೋಡದ ಹಾಗೆ.

"ಅವನು ಕಾಯ್ತಾನೆ," ಎಂದ ಬಡಗಿ.

ಪೆಟ್ಟಿಗೆಯನ್ನು ಮರದ ನೆರಳಿಗಿಟ್ಟರು. ಅಂಗಿ ಬಿಚ್ಚಿ ಕೊಂಬೆಗೆ ತೂಗುಹಾಕಿ ಸಾವಿಗೆ ಬಂದವರೆಲ್ಲ ಸಾಲು ನಿಂತರು. ಅವಳು ಹೊಲಿಗೆ ಮಿಷನ್ನನ್ನು ಎಳೆದು ಹೊರಗಿಟ್ಟಳು, ಅರ್ಧ ಹೊಲಿದ ಬಟ್ಟೆಗಳನ್ನು ಗಂಟುಕಟ್ಟಿ ಅದರ ಮೇಲಿಟ್ಟಳು. ಟಾರ್ಪಾಲಿನಡಿ ಹಿಡಿಯದೆ ಉಳಿದ ಮೂಟೆಗಳಿಂದ ಮೊದಲ ಕೋಣೆ ತುಂಬಿತು, ನಡುವಿನದು ತುಂಬಿತು. ಹಿಂದಿನ ಕೋಣೆಗೆ ಬಂದ ಇಬ್ಬರು ಮೂಟೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತುಬಿಟ್ಟರು. ಕಿಟಕಿಯ ಕೆಳಗೆ ಅಪ್ಪನ ಮಂಚ, ನಿನ್ನೆಯ ಹಾಸಿಗೆ ಹಾಗೇ ಇತ್ತು. ದಿಂಬಿನಲ್ಲಿ ತಲೆಯ ಗುಳಿ ಇನ್ನೂ ಮಾಸಿರಲಿಲ್ಲ.

ಅವಳು ಹಾಸಿಗೆ ಸುತ್ತಿ ಕಂಕುಳಲ್ಲಿಟ್ಟುಕೊಂಡಳು. "ಇಡಿ," ಎಂದಳು.

"ಮಂಚದ ಮೇಲಾ?"

"ಮಂಚದ ಮೇಲೆ."

ಅವರು ಇಟ್ಟರು. ಒಂದರ ಮೇಲೆ ಒಂದು, ಕಿಟಕಿಯ ಅರ್ಧದವರೆಗೆ. ಹಾಸಿಗೆಯನ್ನು ಹೊರಗೆ ಮಿಷನ್ ಮೇಲಿಟ್ಟು ಅವಳೂ ಸಾಲಿನಲ್ಲಿ ನಿಂತು ಹೊತ್ತಳು. ಯಾರೂ ಬೇಡವೆನ್ನಲಿಲ್ಲ, ಯಾರೂ ನೀರು ಬೇಕೇ ಎಂದೂ ಕೇಳಲಿಲ್ಲ. ಎದುರು ಸಿಕ್ಕವರು ಅವಳಿಗೆ ದಾರಿ ಬಿಡುತ್ತಿದ್ದರು, ಅಷ್ಟೆ. ಸಂಜೆ ಇಳಿಯುವಾಗ ಕೊನೆಯ ಮೂಟೆ ಹೊಸ್ತಿಲ ಒಳಗೆ ಬಂತು. ಒಳಗೆ ಇನ್ನು ಒಬ್ಬ ಮನುಷ್ಯ ನಿಲ್ಲುವುದಕ್ಕೂ ಆಗುತ್ತಿರಲಿಲ್ಲ. ತಂಪು ಗಾಳಿ ಎದ್ದಿತ್ತು. ಮರದಡಿಯಲ್ಲಿ ಜನ ಮೈ ಒರೆಸಿಕೊಂಡು ಅಂಗಿ ತೊಡುತ್ತಿದ್ದರು, ಮಳೆಗೆ ಮುಂಚೆ ಅವನನ್ನೂ ಮುಟ್ಟಿಸಿಬಿಡೋಣ ಎಂದು ಮಾತಾಡಿಕೊಳ್ಳುತ್ತಿದ್ದರು.

ಅಧ್ಯಕ್ಷರು ಬಾಗಿಲನ್ನು ಭುಜ ಕೊಟ್ಟು ನೂಕಿ ಮುಚ್ಚಿದರು. ಗೋದಾಮಿನ ದೊಡ್ಡ ಬೀಗ ತರಿಸಿ, ಅವಳ ಮನೆಯ ಚಿಲಕಕ್ಕೆ ಹಾಕಿ, ಎರಡು ಸಲ ಎಳೆದು ನೋಡಿದರು.

ಅವಳು ರೂಢಿಯಂತೆ ಬೀಗದ ಕೈಗಾಗಿ ಕೈ ಚಾಚಿದಳು.

ಅವರು ಅದನ್ನು ತಮ್ಮ ಜೇಬಿಗೆ ಹಾಕಿಕೊಂಡು, ಪೆಟ್ಟಿಗೆಗೆ ಹೆಗಲು ಕೊಡಲು ಮರದ ಕಡೆ ನಡೆದರು. ಅವಳು ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ, ಪಕ್ಕದಲ್ಲಿ ಮಿಷನ್ ಮೇಲಿದ್ದ ಹಾಸಿಗೆಯ ಹೊಟ್ಟನ್ನು ಮೆಲ್ಲಗೆ ಕೊಡವತೊಡಗಿದಳು.